ವಾಸನೆಯಿಲ್ಲದ ಮದ್ದು

ಆಗ ನಮ್ಮ ಕಡೆ ಸೊಂಟ ಹಿಡಿದುಕೊಂಡವರು ಆಸ್ಪತ್ರೆಯ ಮೆಟ್ಟಿಲು ಹತ್ತುವ ಮೊದಲು ನಮ್ಮ ಮನೆಯ ಹೊಸ್ತಿಲಿಗೆ ಬರುತ್ತಿದ್ದರು. ಡಾಕ್ಟರು ನಾನೇ. ವಯಸ್ಸು ಹತ್ತು, ಐದನೇ ಕ್ಲಾಸು, ಗಣಿತದಲ್ಲಿ ಉಸಿರು ಬಿಗಿಹಿಡಿದು ಪಾಸು. ಚಿಕ್ಕಬಳ್ಳಾಪುರ ಇನ್ನೂ ಜಿಲ್ಲೆಯಾಗಿರಲಿಲ್ಲ. ಸಾದಲಿ ಸುತ್ತಲಿನ ನಾವೆಲ್ಲ ಅರ್ಜಿಗಳಲ್ಲಿ ಕೋಲಾರ ಎಂದೇ ಬರೆಯುತ್ತಿದ್ದೆವು. ಊರಿಗೆಲ್ಲ ಇದ್ದದ್ದು ಅಂಗಡಿಯ ಮುಂದಿನ ಒಂದು ಕಾಯಿನ್ ಫೋನು. ಅಂಥ ಊರಿನಲ್ಲಿ ಒಬ್ಬ ಸ್ಪೆಷಲಿಸ್ಟ್ ಇದ್ದದ್ದು ದೊಡ್ಡ ಮಾತು. ಅದಕ್ಕಾಗಿ ನಾನು ಓದಿದ್ದೇನೂ ಇಲ್ಲ. ಹುಟ್ಟುವಾಗ ಎಲ್ಲರಂತೆ ತಲೆ ಮುಂದೆ ಮಾಡದೆ ಕಾಲು ಮುಂದೆ ಮಾಡಿಕೊಂಡು ಬಂದಿದ್ದೆ. ಅಷ್ಟೇ ನನ್ನ ಡಿಗ್ರಿ.

ತೆಲುಗು ಬೆರೆತ ನಮ್ಮ ಮಾತಿನಲ್ಲಿ ಅದಕ್ಕೆ ಎದುರುಗಾಲು ಎನ್ನುತ್ತಾರೆ. ಎದುರುಗಾಲಲ್ಲಿ ಹುಟ್ಟಿದವನ ಪಾದ ಸೊಂಟಕ್ಕೆ ಸೋಕಿದರೆ ಉಳುಕು, ಹಿಡಿತ, ಸೆಳೆತ ಎಲ್ಲ ಬಿಟ್ಟುಹೋಗುತ್ತದೆ ಎಂದು ನಂಬಿಕೆ. ಅದಕ್ಕೊಂದು ಕ್ರಮವಿತ್ತು. ಭಾನುವಾರ ಬೆಳಿಗ್ಗೆ, ಬಾಯಿಗೆ ನೀರು ಹಾಕುವ ಮುಂಚೆ ಬರಬೇಕು. ಬಂದವರು ಹೊಸ್ತಿಲಾಚೆ ಬೀದಿಗೆ ಮುಖ ಮಾಡಿ, ಕೈ ಹಿಂದಕ್ಕೆ ಚಾಚಿ ಬಾಗಿಲ ಚೌಕಟ್ಟು ಹಿಡಿದು ನಿಲ್ಲಬೇಕು. ನಾನು ಮನೆಯೊಳಗಿಂದ ಬಂದು ಎಡಪಾದವನ್ನು ಅವರ ಸೊಂಟಕ್ಕೆ ಮೂರು ಸಲ ಮುಟ್ಟಿಸಬೇಕು. ಮುಗಿದ ಮೇಲೆ ಅವರು ಹಿಂತಿರುಗಿ ನೋಡದೆ, ಮಾತಾಡದೆ ನೆಟ್ಟಗೆ ಹೊರಟುಹೋಗಬೇಕು. ಫೀಜು ಎಂದರೆ ಎರಡು ಬಾಳೆಹಣ್ಣು, ಇಲ್ಲವೇ ಒಂದು ಅಚ್ಚು ಬೆಲ್ಲ. ಜಗಲಿಯ ಮೇಲೆ ಇಟ್ಟು ಹೋಗುತ್ತಿದ್ದರು.

ಅಜ್ಜಿ ಪಕ್ಕದಲ್ಲೇ ನಿಂತಿರುತ್ತಿದ್ದಳು. ಪ್ರತಿ ಸಲವೂ ಒಂದೇ ಮಾತು. “ಒದೀಬಾರ್ದು ಕಣೋ ಮಂಜ, ಇಡಬೇಕು. ಮಲಗಿರೋ ಮಗೂನ ಮುಟ್ಟಿದಂಗೆ ಇಡಪ್ಪ.”

ನಾನು ಇಡುತ್ತಿದ್ದೆ. ಆದರೆ ನನ್ನ ಅಸಲು ಸಂತೋಷ ಇದ್ದದ್ದು ಪಾದ ಇಡುವುದರಲ್ಲಲ್ಲ, ಅವರು ಹೋಗುವುದನ್ನು ಹಿಂದಿನಿಂದ ನೋಡುವುದರಲ್ಲಿ. ಸೊಂಟ ಹಿಡಿದ ಇಬ್ಬರು ಎಂದೂ ಒಂದೇ ಥರ ನಡೆಯುವುದಿಲ್ಲ. ಟಪಾಲಿನವನು ತುಂಬಿದ ಬಿಂದಿಗೆ ಅಪ್ಪಿಕೊಂಡವನಂತೆ ಹೋಗುತ್ತಿದ್ದ. ಪಕ್ಕದ ಮನೆಯ ಪಾಪಮ್ಮ ಒಂದು ಹೆಜ್ಜೆಗೆ ನಮ್ಮ ಮನೆ ಕಡೆಗೂ ಇನ್ನೊಂದು ಹೆಜ್ಜೆಗೆ ಅವಳ ಮನೆ ಕಡೆಗೂ ವಾಲುತ್ತಿದ್ದಳು. ನಮ್ಮ ಡ್ರಿಲ್ ಮೇಷ್ಟ್ರು ಕೋಲು ನುಂಗಿದವರಂತೆ. ಅವರು ಭಾನುವಾರ ನನ್ನಿಂದ ಪಾದ ಇಡಿಸಿಕೊಂಡರು. ಸೋಮವಾರ ಸ್ಕೂಲಿನ ಹಿಂದೆ ನಾನು ಅವರ ನಡಿಗೆ ಮಾಡಿ ತೋರಿಸುತ್ತಿದ್ದಾಗ ಸಿಕ್ಕಿಬಿದ್ದೆ. ಅವತ್ತು ಅವರು ನನಗೆ ಮೃದುವಾಗಿ ಏನನ್ನೂ ಇಡಲಿಲ್ಲ.

ಆ ವರ್ಷ ಕಾರ್ತಿಕದ ಚಳಿಗೆ ನಮ್ಮ ಮನೆಯಲ್ಲಿ ಹುಳ ಮೇಯಿಸುತ್ತಿದ್ದೆವು. ರೇಷ್ಮೆ ಹುಳ ಎಂದರೆ ಅಮ್ಮನ ಕೆಲಸ. ಅಪ್ಪ ಸೊಪ್ಪು ಕೊಯ್ದು ಹಾಕುತ್ತಿದ್ದ, ಗೂಡು ಮಾರುಕಟ್ಟೆಗೆ ಹೋಗುತ್ತಿದ್ದ, ನಡುವಿನದೆಲ್ಲ ಅಮ್ಮನದು. ಹಿಪ್ಪುನೇರಳೆ ಸೊಪ್ಪಿನ ಹೊರೆ ತಲೆಯ ಮೇಲೆ ಹೊತ್ತು ತರುವುದು, ಹೆಚ್ಚುವುದು, ಸ್ಟ್ಯಾಂಡಿನಲ್ಲಿ ಹುಳ ಇಟ್ಟ ಬಿದಿರ ತಟ್ಟೆಗಳನ್ನು ಒಂದೊಂದಾಗಿ ಎಳೆದು ಬಗ್ಗಿ ಹುಳಕ್ಕೆ ಹಾಕುವುದು, ಕಸ ತೆಗೆಯುವುದು, ಮತ್ತೆ ತಟ್ಟೆ ಒಳಗೆ ತಳ್ಳುವುದು. ದಿನಕ್ಕೆ ನೂರು ಸಲ ಬಗ್ಗುವ ಹೆಂಗಸಿನ ಸೊಂಟದ ಬಗ್ಗೆ ಸೊಂಟದ ಸ್ಪೆಷಲಿಸ್ಟಾದ ನಾನು ಒಮ್ಮೆಯೂ ಯೋಚಿಸಿರಲಿಲ್ಲ.

ಒಂದು ಮಧ್ಯಾಹ್ನ ಅಮ್ಮ ಹೊರೆ ಇಳಿಸಲು ಬಗ್ಗಿದವಳು ಹಾಗೇ ನಿಂತುಬಿಟ್ಟಳು. ಹೊರೆ ಕೆಳಗೆ ಬಿತ್ತು, ಅವಳು ಮೇಲೇಳಲಿಲ್ಲ. ನಾನು ನಕ್ಕೆ. ಏನೋ ಆಟ ಆಡುತ್ತಿದ್ದಾಳೆ ಅಂದುಕೊಂಡೆ.

“ಮಂಜ, ನಿಮ್ಮಪ್ಪನ್ನ ಕರಿ,” ಅಂದಳು ನೆಲ ನೋಡಿಕೊಂಡೇ.

ಆಮೇಲೆ ಅಜ್ಜಿ ಕೇಳಿದಾಗ ಅವಳು ಹೇಳಿದ್ದು ನೆನಪಿದೆ. “ಗೂಡಿಂದ ನೂಲು ಬಿಚ್ಚಲ್ವ ಅತ್ತೆ, ಅಂಗೆ ಸೊಂಟದಿಂದ ಹಿಮ್ಮಡಿ ಗಂಟ ಯಾರೋ ದಾರ ಎಳೀತಾ ಅವ್ರೆ. ತೊಡೆ ಹಿಂದೆ ಇಳೀತದೆ, ಮೊಣಕಾಲ ಕೆಳ್ಗೆ ಪಿಕ್ಕದಲ್ಲಿ ಕರೆಂಟ್ ಹೊಡೀತದೆ. ಕೂತ್ರೂ ಅಷ್ಟೇ, ನಿಂತ್ರೂ ಅಷ್ಟೇ.”

ಶಿಡ್ಲಘಟ್ಟದ ಡಾಕ್ಟರು ಮಲಗಿಸಿ ಕಾಲೆತ್ತಿ ನೋಡಿ ಸಯಾಟಿಕಾ ಎಂದರು. ಬೆನ್ನುಮೂಳೆಯ ಮಧ್ಯೆ ಇರುವ ಮೆತ್ತೆ ಜರುಗಿ ನರ ಒತ್ತುತ್ತಿದೆ, ಒಂದು ತಿಂಗಳಾದರೂ ಭಾರ ಎತ್ತದೆ, ಬಗ್ಗದೆ ಇರಬೇಕು, ಕಾಲು ಜೋಮು ಹಿಡಿದರೆ ತಕ್ಷಣ ಬರಬೇಕು ಎಂದು ಹೇಳಿ ಮಾತ್ರೆ, ಇಂಜೆಕ್ಷನ್ ಕೊಟ್ಟು ಕಳಿಸಿದರು. ಅಮ್ಮ ಮನೆಗೆ ಬಂದು ಸೀರೆ ಬದಲಾಯಿಸಿ ಹುಳಮನೆಗೆ ಹೋದಳು.

“ರೆಸ್ಟ್ ತಗೋ ಅಂದವ್ರಲ್ಲೇ,” ಅಂದ ಅಪ್ಪ.

“ಹುಳಕ್ಕೆ ಹೇಳು, ಒಂದು ತಿಂಗ್ಳು ಉಪವಾಸ ಇರ್ಲಿ,” ಅಂದಳು.

“ಹೆಸ್ರು ಗೊತ್ತಾಗ್ಬಿಟ್ರೆ ನೋವು ಹೋಗ್ಬಿಡ್ತದ? ಅದು ವಾತ. ನಾನು ನೋಡ್ಕೋತೀನಿ,” ಅಂದಳು ಅಜ್ಜಿ.

ಅಲ್ಲಿಂದ ನಮ್ಮ ಮನೆ ಒಂದು ಅಡುಗೆಮನೆಯ ಆಸ್ಪತ್ರೆಯಾಯಿತು. ಬಾಣಲೆಯಲ್ಲಿ ಮರಳು ಹುರಿದು ಬಟ್ಟೆಯಲ್ಲಿ ಗಂಟು ಕಟ್ಟಿ ಶಾಖ ಕೊಟ್ಟರು. ಎಕ್ಕದ ಎಲೆಗೆ ಹರಳೆಣ್ಣೆ ಸವರಿ ಕೆಂಡದ ಮೇಲೆ ಬಾಡಿಸಿ ತೊಡೆಗೆ ಸುತ್ತಿದರು. ಲಕ್ಕಿ ಸೊಪ್ಪು, ಹುಣಸೆ ಸೊಪ್ಪು ಹಾಕಿ ಕುದಿಸಿದ ನೀರು ಹಂಡೆಯಲ್ಲಿ ಬೆಳಗಿನಿಂದ ಹಬೆಯಾಡುತ್ತಿತ್ತು. ಬೆಳ್ಳುಳ್ಳಿಯನ್ನು ಹಾಲಿನಲ್ಲಿ ಬೇಯಿಸಿ ಕುಡಿಸಿದರು. ಮಂಚೇನಹಳ್ಳಿ ಕಡೆಯಿಂದ ಯಾರೋ ಒಂದು ಕಪ್ಪು ಎಣ್ಣೆ ತಂದುಕೊಟ್ಟರು. ಅದರ ಸೀಸೆಯ ಬಿರಡೆ ತೆಗೆದರೆ ಬೀದಿನಾಯಿ ಎದ್ದು ಬೇರೆ ಬೀದಿಗೆ ಹೋಗುತ್ತಿತ್ತು. ಸ್ಕೂಲಿನಿಂದ ಬರುವಾಗ ನಮ್ಮ ಮನೆ ಎಲ್ಲಿದೆ ಎಂದು ಕಣ್ಣುಮುಚ್ಚಿ ಹೇಳಬಹುದಿತ್ತು.

ಹುಳ ಸಾಕಿದವರಿಗೆ ಇಷ್ಟು ಹೇಳಿದರೆ ಸಾಕು, ತೊಂದರೆ ಏನು ಎಂದು ಗೊತ್ತಾಗಿಬಿಡುತ್ತದೆ. ಬೇರೆಯವರಿಗೆ ಹೇಳುತ್ತೇನೆ. ರೇಷ್ಮೆ ಹುಳಕ್ಕೆ ವಾಸನೆ ಆಗದು. ಬೀಡಿ ಸೇದಿ ಬಂದವನನ್ನು ಹುಳಮನೆಯ ಬಾಗಿಲಿಂದಲೇ ಓಡಿಸುತ್ತಾರೆ. ಊದುಬತ್ತಿ, ಕರ್ಪೂರ, ಸೀಮೆಎಣ್ಣೆ, ತಲೆಗೆ ಹಚ್ಚುವ ವಾಸನೆ ಎಣ್ಣೆ, ಯಾವುದೂ ಕೂಡದು. ವಾಸನೆ ಸೋಕಿದ ಸೊಪ್ಪನ್ನು ಹುಳ ಮುಟ್ಟುವುದಿಲ್ಲ, ತಲೆ ಎತ್ತಿಕೊಂಡು ಸುಮ್ಮನೆ ಇದ್ದುಬಿಡುತ್ತದೆ. ಬೆಳ್ಳುಳ್ಳಿ ಕುಡಿದು ಕಪ್ಪು ಎಣ್ಣೆ ಬಳಿದುಕೊಂಡ ಅಮ್ಮ ಒಳಗೆ ಹೋದರೆ ಒಂದು ಬೆಳೆ ಪೂರ್ತಿ ಹೋದಂತೆ.

ಹಾಗಾಗಿ ಸಂಜೆ ಅಜ್ಜಿ ತಿಕ್ಕಿದ್ದನ್ನು ಬೆಳಿಗ್ಗೆ ಅಮ್ಮ ಸೀಗೆಪುಡಿ, ಬೂದಿ ಹಾಕಿ ಚರ್ಮ ಕೆಂಪಾಗುವವರೆಗೆ ಉಜ್ಜಿ ತೊಳೆಯುತ್ತಿದ್ದಳು. ಬಾಯಿಗೆ ಬೇವಿನ ಕಡ್ಡಿ, ಉಪ್ಪು. ಚಳಿಯಲ್ಲಿ ಒದ್ದೆಯಾದ ಕಾಲು ಮತ್ತೆ ಸೆಟೆದುಕೊಳ್ಳುತ್ತಿತ್ತು. ಅಜ್ಜಿ ಸಿಟ್ಟಾಗುತ್ತಿದ್ದಳು. “ಹುಳಕ್ಕೆ ಮೂಗದೆ ಅಂತೀಯ, ನಿಂಗೆ ಕಾಲು ಇಲ್ವೇನೇ ರತ್ನ?” ಅಮ್ಮ ಗೋಡೆ ಹಿಡಿದುಕೊಂಡು ಹುಳಮನೆಗೆ ಹೋಗುತ್ತಿದ್ದಳು.

ವಾಸನೆಯಿಲ್ಲದ ಮದ್ದು ಹುಡುಕಿದರು. ಚಿಕ್ಕಬಳ್ಳಾಪುರದಲ್ಲಿ ಯಾರೋ ಬಿಸಿ ಹಾಸಿಗೆ ಇಟ್ಟಿದ್ದಾರೆ, ಮಲಗಿದರೆ ಒಳಗಿಂದ ಕಲ್ಲಿನ ಗುಂಡುಗಳು ಬೆನ್ನಿನುದ್ದ ಉರುಳುತ್ತವೆ, ನಲವತ್ತು ದಿನ ಬಿಟ್ಟಿ ಎಂದು ಕೇಳಿ ಅಪ್ಪ ಅವಳನ್ನು ಮೊದಲ ಬಸ್ಸಿಗೆ ಕರೆದುಕೊಂಡು ಹೋದ. ಎರಡು ದಿನ ಹೋದರು. ಹಾಸಿಗೆಯಲ್ಲಿ ಹಾಯಾಗಿತ್ತಂತೆ. ಬರುವಾಗ ಬಸ್ಸಿನಲ್ಲಿ ಸೀಟು ಸಿಗದೆ ನಿಂತು ಬಂದದ್ದಕ್ಕೆ ಎರಡು ದಿನವೂ ನೋವು ಇಮ್ಮಡಿಯಾಯಿತು. ಮೂರನೇ ದಿನ ಹುಳ ಜ್ವರಕ್ಕೆ ಕೂತವು. ಹುಳ ಪೊರೆ ಬಿಡುವುದಕ್ಕೆ ನಮ್ಮಲ್ಲಿ ಜ್ವರ ಎನ್ನುತ್ತಾರೆ. ಅದು ನಾಲ್ಕನೆಯ ಜ್ವರ. ಇದರಿಂದ ಎದ್ದರೆ ಒಂದು ವಾರ ಅವುಗಳ ಹಸಿವಿಗೆ ಕೊನೆಯಿಲ್ಲ, ಹುಳಮನೆಯಲ್ಲಿ ಮಳೆ ಬಂದ ಹಾಗೆ ಮೇಯುವ ಸದ್ದು. ಹಾಸಿಗೆಯ ಮಾತು ಅಲ್ಲಿಗೆ ನಿಂತಿತು.

ನಾನು ಈ ನಡುವೆ ಅಮ್ಮನ ನಡಿಗೆಯನ್ನೂ ಕಲಿತಿದ್ದೆ. ಒಂದು ಕೈ ತೊಡೆಯ ಮೇಲೆ, ಮೈ ಒಂದು ಕಡೆಗೆ, ಪ್ರತಿ ಹೆಜ್ಜೆಗೂ ಹಲ್ಲಿನ ಸಂದಿಯಿಂದ ಉಸಿರು ಎಳೆದುಕೊಳ್ಳುವುದು. ಹಿತ್ತಲಲ್ಲಿ ಹುಡುಗರಿಗೆ ಮಾಡಿ ತೋರಿಸುತ್ತಿದ್ದೆ. ಅವರು ನಕ್ಕು ಉರುಳಾಡುತ್ತಿದ್ದರು. ಒಂದು ದಿನ ನಗು ಇದ್ದಕ್ಕಿದ್ದಂತೆ ನಿಂತಿತು. ತಿರುಗಿ ನೋಡಿದರೆ ಅಮ್ಮ ಸೊಪ್ಪಿನ ಬುಟ್ಟಿ ಹಿಡಿದು ನಿಂತಿದ್ದಾಳೆ.

“ಬಲಗಾಲಲ್ಲ ಕಣೋ, ಎಡಗಾಲು,” ಅಂದಳು. “ಮಾಡಿದ್ರೆ ಸರಿಯಾಗಿ ಮಾಡು.”

ಹುಡುಗರು ಮತ್ತೆ ನಕ್ಕರು. ಅವಳೂ ನಕ್ಕಳು. ನಗುವಾಗ ಸೊಂಟ ಹಿಡಿದುಕೊಂಡಳು. ಅದನ್ನೂ ನಾನು ನೋಡಿಟ್ಟುಕೊಂಡೆ.

ಇಷ್ಟೆಲ್ಲ ಮಾಡುವಾಗ ಮನೆಯಲ್ಲೇ ಇದ್ದ ನನ್ನ ಎಡಗಾಲನ್ನು ಯಾರೂ ಯಾಕೆ ನೆನೆಯಲಿಲ್ಲ ಎಂದು ಕೇಳಬಹುದು. ನೆನೆದಿದ್ದರು, ಬಾಯಿ ಬಿಟ್ಟಿರಲಿಲ್ಲ. ಹೆತ್ತ ತಾಯಿಗೆ ಕಾಲು ಸೋಕಿಸುವುದೆಂದರೆ ನಮ್ಮಲ್ಲಿ ಮಾತಲ್ಲ. ಮಲಗಿದ್ದಾಗ ಗೊತ್ತಿಲ್ಲದೆ ಕಾಲು ತಾಗಿದರೂ ಎದ್ದು ಮುಟ್ಟಿ ಕಣ್ಣಿಗೊತ್ತಿಕೊಳ್ಳಬೇಕು. ಊರವರ ಸೊಂಟಕ್ಕೆಲ್ಲ ಮದ್ದಾದ ಪಾದ ಅಮ್ಮನ ಸೊಂಟಕ್ಕೆ ಮಾತ್ರ ಪಾಪ.

ಶನಿವಾರ ಹುಳ ಜ್ವರದಿಂದ ಎದ್ದವು. ಅವತ್ತು ಅಮ್ಮ ಮೇಲಿನ ತಟ್ಟೆ ಎಳೆಯಲು ಹೋಗಿ ಹಾಗೇ ಕುಸಿದು ಕೂತಳಂತೆ. ಸಂಜೆ ಜಗಲಿಯಲ್ಲಿ ಕೂತು ಅವಳೇ ಮಾತು ತೆಗೆದಳು.

“ನಾಳೆ ಭಾನುವಾರ. ಮಂಜನ ಕೈಲೇ ಇಡಿಸ್ಕೋತೀನಿ ಅತ್ತೆ.”

ಅಜ್ಜಿ ಎಲೆಅಡಿಕೆ ಉಗಿದು ಬಂದಳು. “ಬಾಯ್ ಬಿಟ್ಟು ಅನ್ಬೇಡ. ಅವ್ನ ಜನ್ಮಕ್ಕೆ ಅಂಟ್ಕೋತದೆ.”

“ನನ್ನ ಒಳಗಿದ್ದಾಗ ಒಂಬತ್ತು ತಿಂಗ್ಳು ಒದ್ದವ್ನೆ. ಆಗ ಅಂಟ್ಕೊಳ್ದೆ ಇದ್ದಿದ್ದು ಈಗ ಅಂಟ್ಕೋತದ?” ಅಂದಳು ಅಮ್ಮ. “ಎಣ್ಣೆ ಇಲ್ಲ, ಬೆಳ್ಳುಳ್ಳಿ ಇಲ್ಲ. ಅದೊಂದೇ ವಾಸನೆ ಇಲ್ದಿರೋ ಮದ್ದು,” ಅಂದಳು.

ನನ್ನ ಕಾಲಿನ ಪರಿಚಯವಿದ್ದ ಯಾರೂ ಈ ಮಾತು ಒಪ್ಪುತ್ತಿರಲಿಲ್ಲ, ಆದರೆ ಅವತ್ತು ಯಾರೂ ನಗಲಿಲ್ಲ. ಅಪ್ಪ ನನ್ನ ಮುಖ ನೋಡಿದ. “ಮಾಡ್ತೀಯೇನೋ?”

“ಮಾಡ್ತೀನಿ,” ಅಂದೆ. ಸಂತೋಷದಿಂದ ಅಂದೆ. ಊರಿಗೆಲ್ಲ ಮಾಡಿದ್ದೀನಿ, ನಮ್ಮಮ್ಮನಿಗೆ ಮಾಡಲ್ವ ಎಂಬ ಜಂಬದಿಂದ ಅಂದೆ. ಅಂದದ್ದಷ್ಟೇ ಅಲ್ಲ, ಹೋಗಿ ಪಾಪಮ್ಮನಿಗೂ ಹುಡುಗರಿಗೂ ಹೇಳಿ ಬಂದೆ.

ಬೆಳಿಗ್ಗೆ ಅಂಗಳದಲ್ಲಿ ಏಳೆಂಟು ಜನ ಸೇರಿದ್ದರು. ಅವರಲ್ಲಿ ಇಬ್ಬರು ತಮ್ಮ ಸೊಂಟ ತಂದಿದ್ದರು, ಉಳಿದವರು ನೋಡಲು ಬಂದವರು. ಅಮ್ಮ ನೀರು ಮುಟ್ಟದೆ, ಸೀರೆಯ ಸೆರಗು ಸಿಕ್ಕಿಸಿಕೊಂಡು ಹೊಸ್ತಿಲಾಚೆ ನಿಂತಳು. ಕೈ ಹಿಂದಕ್ಕೆ ಚಾಚಿ ಚೌಕಟ್ಟು ಹಿಡಿದಳು. ನನಗೆ ಅವಳ ಬೆನ್ನು ಮಾತ್ರ ಕಾಣುತ್ತಿತ್ತು. ಅಜ್ಜಿ ಅಡುಗೆಮನೆಗೆ ಹೋಗಿ ಬಾಗಿಲು ಹಾಕಿಕೊಂಡಿದ್ದಳು. ಮೆತ್ತಗೆ ಇಡು ಎಂದು ಹೇಳುವವರು ಆ ದಿನ ಇರಲಿಲ್ಲ.

ಎರಡು ಸಲ ಇಟ್ಟೆ. ಮೂರನೆಯದಕ್ಕೆ ನಿಂತೆ. ಆಗ ನನ್ನ ತಲೆಯೊಳಗೆ ಏನಿತ್ತು ಎಂದು ಬರೆಯಬೇಕು, ಬರೆಯಲೆಂದೇ ಇಷ್ಟು ದೂರ ಬಂದೆ. ಊರವರಿಗೆ ಮುಟ್ಟಿಸಿದರೆ ಸಾಕು, ಅವರು ಬೇರೆಯವರು. ಇವಳು ನಮ್ಮಮ್ಮ, ಇವಳಿಗೆ ಜಾಸ್ತಿ ಹಾಕಬೇಕು. ಪಾಯಸ ಬಡಿಸುವಾಗ ಅವಳು ನನ್ನ ತಟ್ಟೆಗೆ ಇನ್ನೊಂದು ಸೌಟು ಹಾಕುತ್ತಿದ್ದಳಲ್ಲ, ಹಾಗೆ. ನಾನು ನಡುಮನೆಯ ಆ ಕೊನೆಯ ಗೋಡೆಯವರೆಗೆ ಹಿಂದೆ ಹೋದೆ. ಅಂಗಳದ ಹುಡುಗರಿಗೆ ಕಾಣುವಂತೆ ಅಂಗಿಯ ತೋಳು ಮಡಿಸಿದೆ. ಡ್ರಿಲ್ ಮೇಷ್ಟ್ರ ಧ್ವನಿಯಲ್ಲಿ “ರೆಡೀ” ಅಂದೆ. ಅಂಗಳದಲ್ಲಿ ನಕ್ಕರು. ಅಮ್ಮನ ಬೆನ್ನೂ ನಗುವಿಗೆ ಅಲುಗಿತು. ಓಡಿ ಬಂದು ಒದ್ದೆ.

ಒಣಗಿದ ಕಡ್ಡಿ ಮುರಿದಂಥ ಸದ್ದಾಗಿರಬೇಕು ಎಂದು ನೀವು ಅಂದುಕೊಳ್ಳಬಹುದು. ಹಾಗೇನೂ ಇಲ್ಲ. ಸೊಪ್ಪಿನ ಮೂಟೆಗೆ ಒದ್ದ ಹಾಗೆ ಮೆತ್ತನೆಯ ಸದ್ದು. ಅಮ್ಮ ಕೂಗಲಿಲ್ಲ. ಚೌಕಟ್ಟು ಬಿಡದೆ ಮೆಲ್ಲಗೆ ಕೂತಳು. ಅಂಗಳದಲ್ಲಿದ್ದವರಿಗೆ ಅವಳ ಮುಖ ಕಂಡಿತು, ನನಗಿಲ್ಲ. ಎಲ್ಲರಿಗಿಂತ ಮುಂದೆ ನಿಂತಿದ್ದ ಪಾಪಮ್ಮ ಬಾಯಿಗೆ ಸೆರಗು ಒತ್ತಿಕೊಂಡಳು.

ತುಂಬ ಹೊತ್ತಿನ ಮೇಲೆ ಅಮ್ಮ ಎದ್ದಳು. ಕ್ರಮದಂತೆ ತಿರುಗಿ ನೋಡದೆ, ಮಾತಾಡದೆ, ಅಂಗಳ ದಾಟಿ ಬೀದಿಯ ತುದಿಗೆ ಹೋಗಿ ಹಿತ್ತಲಿಂದ ಬಂದಳು. ಬಂದವಳ ಮುಖದಲ್ಲಿ ಬೆಳಕಿತ್ತು.

“ಹೋಯ್ತು ಕಣೋ,” ಅಂದಳು. “ದಾರ ಕಿತ್ತೋದಂಗೆ ಹೋಯ್ತು. ನೋವೇ ಇಲ್ಲ.”

ಸುಳ್ಳಲ್ಲ. ನಿಜವಾಗಿಯೂ ನೋವು ಹೋಗಿತ್ತು. ಎಷ್ಟೋ ದಿನಗಳ ಮೇಲೆ ಅವಳು ನೆಟ್ಟಗೆ ನಿಂತಳು. ಅಪ್ಪ ಹುಳಮನೆಯ ಕಡೆಯಿಂದ ಓಡಿಬಂದು ನನ್ನನ್ನು ಎತ್ತಿಕೊಂಡ. ಅಡುಗೆಮನೆಯಿಂದ ಬಂದ ಅಜ್ಜಿ ನನ್ನ ಎಡಗಾಲನ್ನು ಅರಿಶಿನದ ನೀರಿನಲ್ಲಿ ತೊಳೆದಳು. ಸಂಜೆ ಒಬ್ಬಟ್ಟು ಆಯಿತು. ಮರುದಿನ ಸ್ಕೂಲಿನಲ್ಲಿ ನಾನು ಶಿಡ್ಲಘಟ್ಟದ ಡಾಕ್ಟರಂತೆ ಮೂಗಿನಿಂದ ಮಾತಾಡಿದೆ.

ಆ ವಾರ ಅಮ್ಮ ದುಡಿದಷ್ಟು ಯಾರೂ ದುಡಿದದ್ದನ್ನು ನಾನು ನೋಡಿಲ್ಲ. ಹೊರೆ ಹೊತ್ತಳು, ಬಗ್ಗಿದಳು, ತಟ್ಟೆ ಎಳೆದಳು. ಹುಳ ಬೆರಳಿನಷ್ಟಾದವು. ಎಡಗಾಲು ಸ್ವಲ್ಪ ಜೋಮು ಹಿಡಿದಂಗಿದೆ ಅಂದಳು, ಅಷ್ಟೇ. ಶಿಡ್ಲಘಟ್ಟದ ಡಾಕ್ಟರ ಮಾತು ಅಪ್ಪನಿಗೂ ನೆನಪಾಗಲಿಲ್ಲ. ನೋವಿದ್ದರೆ ತಾನೇ ಡಾಕ್ಟರು. “ನೋವು ಬಿಡ್ವಾಗ ಜೋಮು ಇರ್ತದೆ,” ಅಂದಳು ಅಜ್ಜಿ. ಹಲ್ಲು ಕೀಳಿಸಿಕೊಂಡ ಮೇಲೆ ದವಡೆ ಜೋಮು ಹಿಡಿಯುವುದಿಲ್ಲವೇ ಎಂದು ಎಲ್ಲರೂ ಒಪ್ಪಿದೆವು.

ಬುಧವಾರ ಸೊಪ್ಪಿನ ತೋಟದ ಸಾಲಿನಲ್ಲಿ ಅವಳ ಎಡಗಾಲಿನ ಚಪ್ಪಲಿ ಬಿದ್ದಿತ್ತು. ಬಿಟ್ಟು ಬಂದದ್ದು ಅವಳಿಗೆ ಗೊತ್ತೇ ಇರಲಿಲ್ಲ. ಚಪ್ಪಲಿ ತಂದು ಕೊಟ್ಟಾಗ ನಾನು, “ಏನಮ್ಮ, ಒಂದು ಕಾಲಿಗೆ ಚಪ್ಪಲಿ ಹಾಕೋ ಹೊಸ ಫ್ಯಾಶನ್ನಾ?” ಅಂದೆ. ಗುರುವಾರದಿಂದ ಅವಳು ನಡೆಯುವಾಗ ಒಂದು ಸದ್ದು ಬರತೊಡಗಿತು. ಬಲಗಾಲು ಸದ್ದಿಲ್ಲದೆ, ಎಡಗಾಲು ಪಟ್ ಎಂದು. ಪಾದ ಮೇಲೇಳುತ್ತಿರಲಿಲ್ಲ, ಮೊದಲು ಬೆರಳು ನೆಲಕ್ಕೆ ಬಡಿಯುತ್ತಿತ್ತು. ಮೊಣಕಾಲನ್ನು ಎತ್ತರಕ್ಕೆ ಎತ್ತಿ ಇಡುತ್ತಿದ್ದಳು, ಕೆಸರಿನಲ್ಲಿ ನಡೆಯುವ ಕೊಕ್ಕರೆಯಂತೆ. ಹುಡುಗರಿಗೆ ಅದನ್ನೂ ಮಾಡಿ ತೋರಿಸಿದೆ. ಇದು ತುಂಬ ಸುಲಭದ ನಡಿಗೆಯಾಗಿತ್ತು.

ಶುಕ್ರವಾರ ಮಧ್ಯಾಹ್ನ ತೋಟದಿಂದ ಬಂದು ಅಮ್ಮ ಜಗಲಿಯ ಮೇಲೆ ಕೂತಾಗ ಅಂಗಳದಲ್ಲಿ ಅವಳ ಹೆಜ್ಜೆಯ ಗುರುತಿತ್ತು. ಒಂದು ಹೆಜ್ಜೆ ಬಿಟ್ಟು ಒಂದು ಹೆಜ್ಜೆ ಕೆಂಪು. ಕತ್ತರಿಸಿದ ಹಿಪ್ಪುನೇರಳೆ ಕಡ್ಡಿಯ ಮೊನಚು ಮೋಟು ಅವಳ ಪಾದಕ್ಕೆ ಆಳವಾಗಿ ಹೊಕ್ಕಿತ್ತು. ಅವಳು ಲೋಟದಲ್ಲಿ ನೀರು ಕುಡಿಯುತ್ತ ನನ್ನ ಜೊತೆ ಮಾತಾಡುತ್ತಿದ್ದಳು.

“ಅಮ್ಮ, ಕಾಲು,” ಅಂದೆ.

ಬಗ್ಗಿ ನೋಡಿದಳು. ಯಾರದೋ ಕಾಲು ನೋಡಿದ ಹಾಗೆ ನೋಡಿದಳು. ಬೆರಳಿನಿಂದ ಗಾಯ ಒತ್ತಿದಳು, ಮತ್ತೆ ಒತ್ತಿದಳು. ಆಮೇಲೆ ನನ್ನ ಮುಖ ನೋಡಿದಳು. ಇಬ್ಬರಿಗೂ ಅದೇ ಕ್ಷಣದಲ್ಲಿ ಗೊತ್ತಾಯಿತು ಅನ್ನಿಸುತ್ತದೆ. ಅವಳು ಸೆರಗಿನಿಂದ ಪಾದ ಮುಚ್ಚಿದಳು. “ಅಜ್ಜಿಗೆ ಹೇಳ್ಬೇಡ. ಹುಳ ಹಣ್ಣಾಗ್ಲಿ, ಆಮೇಲೆ ನೋಡಣ,” ಅಂದಳು.

ನಾನು ಹೇಳಲಿಲ್ಲ. ಜೀವನದಲ್ಲಿ ಒಂದೇ ಒಂದು ಸಲ ಬಾಯಿ ಮುಚ್ಚಿಕೊಂಡಿದ್ದೆ, ಅದೂ ಬಾಯಿ ಬಿಡಬೇಕಾಗಿದ್ದ ಹೊತ್ತಿನಲ್ಲಿ.

ಹುಳ ಹಣ್ಣಾಗಿ, ಎಂದರೆ ಮೇವು ಬಿಟ್ಟು ನೂಲು ಬಿಡುವ ಹೊತ್ತಿಗೆ ಬಂದು, ಚಂದ್ರಿಕೆ ಎನ್ನುವ ಬಿದಿರ ಚಾಪೆಗೆ ಹತ್ತಿದವು, ಗೂಡು ಕಟ್ಟಿದವು. ಗೂಡು ಬಿಡಿಸಿದ ದಿನ ಅಮ್ಮ ಎದ್ದು ನಿಲ್ಲಲು ಹೋಗಿ ಎಡಗಾಲು ಮಡಚಿಕೊಂಡು ಬಿದ್ದಳು. ಆಗ ಅಪ್ಪನಿಗೂ ತಿಳಿಯಿತು. ಬೆಂಗಳೂರಿನ ಆಸ್ಪತ್ರೆಗೆ ಹೋದೆವು. ಮನೆಯಲ್ಲಿ ಇರು ಎಂದರೂ ನಾನು ಅಳುತ್ತ ಬಸ್ಸು ಹತ್ತಿದ್ದೆ. ಅಲ್ಲಿನ ಡಾಕ್ಟರು ಅಮ್ಮನ ಪಾದ ಹಿಡಿದು, “ಮೇಲಕ್ಕೆ ಎತ್ತಿ,” ಅಂದರು. ಅಮ್ಮ ಹಲ್ಲು ಕಚ್ಚಿದಳು, ಕುತ್ತಿಗೆಯ ನರ ಉಬ್ಬಿತು. ಪಾದ ಅಲುಗಲಿಲ್ಲ.

“ನೋವು ಯಾವಾಗ ನಿಂತಿತು?” ಎಂದು ಕೇಳಿದರು.

“ಹದಿನೈದು ದಿನದ ಹಿಂದೆ,” ಅಂದ ಅಪ್ಪ.

ಡಾಕ್ಟರು ಪೆನ್ನು ಕೆಳಗಿಟ್ಟರು. ನೋವು ನಿಂತದ್ದು ವಾಸಿಯಾಗಿ ಅಲ್ಲ, ಜರುಗಿದ ಮೆತ್ತೆ ಒಮ್ಮೆಲೇ ಒಡೆದು ನರವನ್ನು ಪೂರ್ತಿ ಅಮುಕಿದ್ದರಿಂದ ಎಂದು ನಿಧಾನವಾಗಿ ವಿವರಿಸಿದರು. ಆ ದಿನವೋ ಮರುದಿನವೋ ಬಂದಿದ್ದರೆ ಚೆನ್ನಾಗಿತ್ತು. ಈಗ ಆಪರೇಷನ್ ಮಾಡಿದರೂ ಪಾದ ಮೇಲೇಳುತ್ತದೆ ಎಂದು ಹೇಳಲಾರೆ ಎಂದರು. “ಏನಾದ್ರೂ ಏಟು ಬಿದ್ದಿತ್ತಾ?”

ಅಪ್ಪ ನೆಲ ನೋಡಿದ. ನಾನು ಮೇಜಿನ ಅಂಚು ಹಿಡಿದುಕೊಂಡಿದ್ದೆ.

“ಸೊಪ್ಪಿನ ತೋಟದಲ್ಲಿ ಜಾರಿ ಬಿದ್ದೆ,” ಅಂದಳು ಅಮ್ಮ.

ಫೈಲಿನಲ್ಲಿ ಅದನ್ನೇ ಬರೆದರು.

ಆಪರೇಷನ್ ಆಯಿತು. ಪಾದ ಏಳಲಿಲ್ಲ. ಮುಂದಿನ ಭಾನುವಾರ ಯಾರೋ ಕೈವಾರದ ಕಡೆಯಿಂದ ಕೇಳಿಕೊಂಡು ಬಂದರು, ರತ್ನಮ್ಮನ ನೋವು ಒಂದೇ ಏಟಿಗೆ ಹೋದ ಸುದ್ದಿ ಅಷ್ಟು ದೂರ ಹೋಗಿತ್ತು. ಅಪ್ಪ ಬಾಗಿಲಲ್ಲೇ ನಿಂತು, “ಆ ಹುಡುಗ ಇಲ್ಲ ಇಲ್ಲಿ,” ಅಂದ. ನಾನು ಒಳಗೆ ರಾಗಿ ಚೀಲದ ಹಿಂದೆ ಕೂತು ಅದನ್ನು ಕೇಳಿಸಿಕೊಂಡೆ. ಅಜ್ಜಿ ತಾಯಿಗೆ ಕಾಲು ಸೋಕಿಸಿದ ಪಾಪವೇ ಇದು ಎಂದು ನಂಬಿಯೇ ತೀರಿಕೊಂಡಳು. ಕೊನೆಯವರೆಗೂ ನನಗೆ ಊಟ ಬಡಿಸಿದಳು, ಮೊದಲಿನಂತೆ ತಲೆ ಸವರಲಿಲ್ಲ. ಡಾಕ್ಟರ ಶಾಸ್ತ್ರವೂ ಅಜ್ಜಿಯ ಶಾಸ್ತ್ರವೂ ಒಂದಕ್ಕೊಂದು ಹೊಂದುತ್ತಿರಲಿಲ್ಲ. ಈ ಒಂದು ವಿಷಯದಲ್ಲಿ ಮಾತ್ರ ಇಬ್ಬರೂ ಒಂದೇ ಕಾಲನ್ನು ತೋರಿಸಿದರು.

ಹುಳಮನೆಯಲ್ಲಿ ಈಗ ಹಳೆಯ ಪೈಪು, ಗೊಬ್ಬರದ ಚೀಲಗಳಿವೆ. ಎರಡು ಬೆಳೆ ಪ್ರಯತ್ನಪಟ್ಟು ಅಮ್ಮ ಬಿಟ್ಟಳು. ಪಾದ ಮಾತು ಕೇಳದಿದ್ದರೆ ತಟ್ಟೆ ಹಿಡಿದು ಹಿಂದಕ್ಕೆ ಹೆಜ್ಜೆ ಇಡಲಾಗುವುದಿಲ್ಲ. ಅವಳು ಹುಳಗಳ ಮೇಲೆ ಹಾಡಿದಂತೆ ಆಡುತ್ತಿದ್ದ ಸಣ್ಣ ಮಾತುಗಳು, ಅರ್ಧ ತೆಲುಗು ಅರ್ಧ ಕನ್ನಡ, ಅವುಗಳನ್ನು ಕೇಳಿ ಇಪ್ಪತ್ತು ವರ್ಷವಾಗುತ್ತ ಬಂತು. ಸೊಪ್ಪಿನ ತೋಟದಲ್ಲಿ ಈಗ ಬೇರೆಯವರು ಟೊಮ್ಯಾಟೊ ಹಾಕುತ್ತಾರೆ. ಅವಳು ಬದುವಿನ ಮೇಲೆ ಕೂತು ನೋಡುತ್ತಾಳೆ, ಇಳಿಯುವುದಿಲ್ಲ. ಊರಿನಲ್ಲಿ ಈಗಲೂ ಯಾರ ಮಾತು ಬೇಕಾದರೂ ಮಾಡಿ ತೋರಿಸುತ್ತೇನೆ, ಸತ್ತವರದೂ ಕೂಡ. ನಡಿಗೆ ಮಾತ್ರ ಯಾರದೂ ಮಾಡುವುದಿಲ್ಲ.

ಹೋದ ತಿಂಗಳು ಅವಳನ್ನು ಚಿಕ್ಕಬಳ್ಳಾಪುರಕ್ಕೆ ಕರೆದುಕೊಂಡು ಹೋಗಿದ್ದೆ. ಪಾದ ಕೆಳಗೆ ಜೋಲದಂತೆ ಹಿಡಿದಿಡುವ ಪ್ಲಾಸ್ಟಿಕ್ ಪಟ್ಟಿ ಸವೆದಿತ್ತು, ಹೊಸದಕ್ಕೆ ಅಳತೆ ಕೊಡಬೇಕಿತ್ತು. ಅಳತೆ ತೆಗೆಯುವ ಹುಡುಗಿ ಹೇಗಾಯ್ತಮ್ಮ ಎಂದು ಕೇಳಿದಳು. ಸೊಪ್ಪಿನ ತೋಟದಲ್ಲಿ ಜಾರಿದೆ ಎಂದು ಅಮ್ಮ ಸಲೀಸಾಗಿ ಹೇಳಿದಳು. ಬಸ್ಸಿನಲ್ಲಿ ಕಿಟಕಿ ಪಕ್ಕ ಕೂರಿಸಿ ಪಕ್ಕದಲ್ಲಿ ಕೂತೆ. ಅಷ್ಟು ವರ್ಷ ಆಡದ ಮಾತು ಅವತ್ತು ಹೇಗೋ ಬಾಯಿಗೆ ಬಂತು.

“ಅಮ್ಮ, ಇನ್ನೂ ಯಾಕೆ ತೋಟ ಅಂತೀಯ? ಆ ಹುಡುಗಿಗೆ ನಿಜ ಹೇಳಿದ್ರೆ ಏನಾಗ್ತಿತ್ತು?”

“ನಿಜ ಅಂದ್ರೆ ಯಾವುದೋ?”

“ನಾನು ಒದ್ದಿದ್ದು.”

“ನೀನೆಲ್ಲಿ ಒದ್ದೆ ಪಾಪ,” ಅಂದಳು. “ನೀನು ಒಲ್ಲೆ ಒಲ್ಲೆ ಅಂತ ನಡುಮನೆ ಕಂಬ ತಬ್ಕೊಂಡು ಅತ್ತಿದ್ದೆ. ನಿಮ್ಮಜ್ಜಿನೂ ಬೇಡ ಅಂದ್ಲು. ನಾನೇ ನಿನ್ನ ಎಳ್ಕೊಂಡು ಬಂದು, ಇಡೋ ಅಂತ ಗದರಿಸ್ದೆ. ಅಳ್ತಾ ಅಳ್ತಾ ಇಟ್ಟೆ ನೀನು. ನಂಗೆ ಚೆನ್ನಾಗಿ ನೆನಪದೆ.”

ನಮ್ಮ ನಡುಮನೆಯಲ್ಲಿ ಕಂಬವಿಲ್ಲ. ಎಂದೂ ಇರಲಿಲ್ಲ.

ನಾನು ಅವಳ ಮುಖ ನೋಡಿದೆ. ನನ್ನನ್ನು ಸಮಾಧಾನ ಮಾಡಲು ಹೇಳುತ್ತಿದ್ದಾಳೆಯೇ, ಇಷ್ಟು ವರ್ಷಗಳಲ್ಲಿ ಅವಳೊಳಗೆ ಅದು ಹಾಗೆಯೇ ಕೂತುಬಿಟ್ಟಿದೆಯೇ, ತಿಳಿಯಲಿಲ್ಲ. ಅವಳ ಕಣ್ಣಿನಲ್ಲಿ ಆ ಅಳುವ ಹುಡುಗ ನಿಜವಾಗಿಯೂ ಇದ್ದ.

“ಅಲ್ವೇನೋ? ಅತ್ತಿದ್ದೆ ತಾನೇ?” ಅಂದಳು.

“ಹೂಂ ಅಮ್ಮ,” ಅಂದೆ. “ತುಂಬ ಅತ್ತಿದ್ದೆ.”